ಮೊರಗುಡ್ಡೆಯ ಮನೆಯವರು

ಆ ದಿನ ಬೆಳಿಗ್ಗೆಯಿಂದ ನಾನು ಬಾಯಿ ಬಿಟ್ಟು ಒಂದಾದರೂ ಮಾತಾಡಿದ್ದೇನೆಯೇ ಎಂಬುದು ನೆನಪಾಗುತ್ತಿರಲಿಲ್ಲ. ಸಣ್ಣ ಚಿಂತೆ. ಹೇಳಿದರೆ ಯಾರಾದರೂ ನಕ್ಕಾರು ಎಂದು ಯಾರಿಗೂ ಹೇಳಿರಲಿಲ್ಲ. ಅವ್ವಿ, ಎಂದರೆ ನನ್ನ ಅಮ್ಮ, ಕೊಟ್ಟ ಚಹಾಕ್ಕೆ ತಲೆಯಾಡಿಸಿದ್ದೆ, ಬಸ್ಸಿನಲ್ಲಿ ಪಾಸು ತೋರಿಸಿದ್ದೆ, ಕಚೇರಿಯ ಬಾಗಿಲಲ್ಲಿ ಹೆಬ್ಬೆರಳು ಒತ್ತಿ ಒಳಗೆ ಬಂದಿದ್ದೆ. ಇಷ್ಟಕ್ಕೆಲ್ಲ ಮಾತು ಬೇಕಿರಲಿಲ್ಲ. ದನಿ ಇದೆಯೋ ಹೋಯಿತೋ ನೋಡೋಣ ಎಂದು ಒಮ್ಮೆ ಕೆಮ್ಮಿದೆ. ಇತ್ತು. ಆದರೆ ಕೆಮ್ಮಿದರೆ ಮಾತಾಡಿದಂತಾಗುವುದಿಲ್ಲ.

ನಾಚಿಕೆಯ ಸಂಗತಿ ಏನೆಂದರೆ, ನನ್ನ ಕೆಲಸವೇ ಮಾತು ಬರೆಯುವುದು. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಾರವಾರದ ಗುಡ್ಡದ ಮೇಲಿನ ಆ ಬೋರ್ಡಿಲ್ಲದ ಕಟ್ಟಡ ಸೇರಿ ವರ್ಷ ದಾಟಿತ್ತು. ನಾನು ಬರೆದದ್ದನ್ನು ಯಂತ್ರವೊಂದು ಓದುತ್ತಿತ್ತು. ಆ ಓದು ಕೇಳಿಸುತ್ತಿದ್ದುದು ಬಹಳ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ಮನುಷ್ಯರೇ ಇಲ್ಲದ ಒಂದು ಮನೆಯೊಳಗಿಂದ.

ಆ ಜಾಗಕ್ಕೆ ಮೊರಗುಡ್ಡೆ ಎಂದು ಹೆಸರು. ಮೊರದ ಹಾಗೆಯೇ ಒಂದು ಕಡೆ ಎದ್ದು, ಇನ್ನೊಂದು ಕಡೆ ನೀರಿಗೆ ಇಳಿದಿದೆ. ಮರವಿಲ್ಲ, ಬಾವಿಯಿಲ್ಲ, ಹಕ್ಕಿಗಳ ಹಿಕ್ಕೆ ಬಿಟ್ಟರೆ ಬಣ್ಣವೂ ಇಲ್ಲ. ನಮ್ಮ ನಕ್ಷೆಯಲ್ಲಿ ಅದು ಗಡಿಯ ಈಚೆಗಿದೆ, ನೆರೆಯ ದೇಶದ ನಕ್ಷೆಯಲ್ಲಿ ಆಚೆಗಿದೆ. ಅದರ ಸುತ್ತಲಿನ ಕಡಲತಳದಲ್ಲಿ ಲೋಹದ ಉಂಡೆಗಳು ಹಾಸಿಕೊಂಡಿವೆ ಎಂದು ಗೊತ್ತಾಗುವವರೆಗೆ ಎರಡು ದೇಶಗಳೂ ಅದನ್ನು ಮರೆತಿದ್ದವು. ಗೊತ್ತಾದ ಮೇಲೆ ಜಗಳ ಅಂತರರಾಷ್ಟ್ರೀಯ ಮಂಡಳಿಗೆ ಹೋಯಿತು. ಮಂಡಳಿ ಹೇಳಿದ್ದು ಇಷ್ಟೇ: ಬರೀ ಬಂಡೆಗೆ ಕಡಲಿನ ಹಕ್ಕಿಲ್ಲ. ಯಾರ ಜನ ಅಲ್ಲಿ ಬಾಳುವೆ ಮಾಡುತ್ತಿದ್ದಾರೋ ಅವರದು ದ್ವೀಪ, ಅವರದೇ ಕಡಲು. ಅದನ್ನು ನೋಡಲು ಮಂಡಳಿಯ ಬಿಳಿ ಹಡಗೊಂದು ದೂರದಲ್ಲಿ ಲಂಗರು ಹಾಕಿ, ದುರ್ಬೀನು ಹಿಡಿದು, ಕಿವಿ ಕೊಟ್ಟು ನಿಂತಿತ್ತು. ತೀರ್ಪು ಬರುವವರೆಗೆ ಹೊಸಬರು ಯಾರೂ ಅಲ್ಲಿ ಕಾಲಿಡುವಂತಿಲ್ಲ. ದ್ವೀಪದಿಂದಲೇ ಕರೆ ಬಾರದೆ ಮಂಡಳಿಯವರೂ ಇಳಿಯುವಂತಿಲ್ಲ.

ಮೊದಲು ನಮ್ಮವರು ನಿಜವಾದ ಜನರನ್ನೇ ಅಲ್ಲಿ ಇಟ್ಟಿದ್ದರಂತೆ. ಒಂದೇ ಮಳೆಗಾಲ. ಗಾಳಿ ಮನೆಯನ್ನೂ ಮನೆಯವರನ್ನೂ ಎತ್ತಿಕೊಂಡು ಹೋಯಿತು. ಆಮೇಲೆ, ಬಿಳಿ ಹಡಗು ಬರುವ ಮೊದಲೇ, ನಮ್ಮ ಕಚೇರಿಯ ಮುಖ್ಯಸ್ಥರಾದ ಕೌಜಲಗಿ ಸರ್ ತಮ್ಮ ಯಂತ್ರ ತಂದರು. ಈಗ ಅಲ್ಲಿರುವುದು ಹೆಂಚಿನ ಹಾಗೆ ಕಾಣುವ ಸೌರಫಲಕಗಳ ಮಾಡು, ಹೊತ್ತು ಹೊತ್ತಿಗೆ ಹೊಗೆ ಬಿಡುವ ಕೊಳವೆ, ಒಣಹಾಕಿದ ಎರಡು ಸೀರೆ. ಫಲಕಗಳ ಮೇಲೆ ಕೂರುವ ಉಪ್ಪು ತೊಳೆಯಲು ಹಿತ್ತಿಲಲ್ಲಿ ಒಂದು ಮಳೆನೀರಿನ ಟ್ಯಾಂಕಿ, ಅದರ ಸುತ್ತ ಹಲಗೆಯ ಗೂಡು, ಗೂಡಿಗೆ ಬೀಗ. ಅಂಗಳದಲ್ಲಿ ಕಂಬಿಯ ಮೇಲೆ ಓಡಾಡುವ 'ನೆರಳಾಳು': ಮೈಬಿಸಿಯಷ್ಟೇ ಕಾಯಿಸಿದ ಬಟ್ಟೆಯ ಗೊಂಬೆ. ದೂರದ ಹಡಗಿಗೆ ಅದು ಹೆಂಗಸಿನ ಹಾಗೆ ಕಾಣುತ್ತದೆ, ಯಾರಾದರೂ ಹತ್ತಿರ ಬಂದರೆ ಒಳಗೆ ಸರಿದುಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲೊಂದು ದನಿ ಇದೆ. ಅದು ನಮ್ಮ ಅವ್ವಿಯ ದನಿ.

ಅವ್ವಿ ಅಂಗನವಾಡಿಯಲ್ಲಿ ಮಕ್ಕಳನ್ನು ಕೂಗಿ ಕೂಗಿ ಗಟ್ಟಿ ಮಾಡಿಕೊಂಡ ದನಿ ಅದು. ರೇಡಿಯೋ ಪಾಠಕ್ಕೆ ಬೇಕೆಂದು ಸುಳ್ಳು ಹೇಳಿ ಧ್ವನಿಮುದ್ರಣ ಮಾಡಿಸಿದ್ದೆ. ಗಂಡಸಿನ ದನಿಗೂ ಪ್ರಯತ್ನ ಮಾಡಿದ್ದೆವು, ಅದು ಬಸ್‌ಸ್ಟ್ಯಾಂಡಿನ ಘೋಷಣೆಯ ಹಾಗೆ ಬಂತು. ಹಾಗಾಗಿ ಮೊರಗುಡ್ಡೆಯ ಮನೆಯಲ್ಲಿ ಗಂಡಸರು ಯಾವಾಗಲೂ ಸಮುದ್ರಕ್ಕೆ ಹೋಗಿರುತ್ತಾರೆ. ಅದು ನಾನೇ ಹುಡುಕಿದ ಉಪಾಯ. ಎಲ್ಲರೂ ಭಲೇ ಅಂದಿದ್ದರು. ಅಂಗಳಕ್ಕೆ ಯಾರು ಕಾಲಿಟ್ಟರೂ ಒಳಗಿನಿಂದ ಅವ್ವಿಯ ದನಿ ತಾನಾಗಿಯೇ ಹೇಳುತ್ತದೆ: "ಯಾರದು? ಬನ್ನಿ, ಜಗಲಿ ಮೇಲೆ ಕೂತ್ಕಳಿ. ಗಂಡಸ್ರು ಸಮುದ್ರಕ್ಕೆ ಹೋಗಿದ್ರು. ಆಸರಿಗೆ ತರ್ತೆ."

ಬಂದವರಿಗೆ ಮೊದಲು ಆಸರಿಗೆ, ಎಂದರೆ ಒಂದು ಲೋಟ ನೀರು, ಒಂದು ಚೂರು ಬೆಲ್ಲ. ನಮ್ಮ ಕಡೆ ಯಾವ ಮನೆಯಾದರೂ ಹಾಗೆಯೇ ಹೇಳುತ್ತದೆ. ಮನೆ ನಿಜವೆನ್ನಿಸಬೇಕಾದರೆ ಅದು ಇರಲೇಬೇಕು ಎಂದು ನಾನು ಹಟ ಹಿಡಿದು ಸೇರಿಸಿದ್ದೆ.

ಆಚೆಯವರು ಸುಮ್ಮನಿರುತ್ತಾರೆಯೇ? ಹಡಗು ಬರುವಷ್ಟರಲ್ಲಿ ತಗ್ಗಿನ ತುದಿಯಲ್ಲಿ ಅವರೂ ಒಂದು ಮನೆ ಕಟ್ಟಿದರು. ಅವರ ಗೊಂಬೆಗಳಿಗೆ ಕಂಬಿಯೂ ಬೇಡ, ಕಾಲಿನ ಮೇಲೇ ಓಡಾಡುತ್ತವೆ. ನಮ್ಮನ್ನು ಬೈಯಲೆಂದೇ ಅವಕ್ಕೆ ಕನ್ನಡ ಕಲಿಸಿದರು. ಅಲ್ಲಿಂದ ಆ ಬೋಳು ಗುಡ್ಡೆಯ ಮೇಲೆ ಎರಡು ಖಾಲಿ ಮನೆಗಳು ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತವೆ. "ನಿನ್ನ ಮನೆ ಹೊಗೆ ನನ್ನ ಅಂಗಳಕ್ಕೆ ಬಂದ್ರೆ ಕೈ ಮುರೀತೆ" ಎಂದು ಇದು. "ನಿನ್ನ ಹೆಣ ಎತ್ತುವವರೂ ಇಲ್ಲ" ಎಂದು ಅದು. ಅವ್ವಿಯ ಬಾಯಲ್ಲಿ ಆ ಮಾತುಗಳನ್ನು ಇಟ್ಟವಳು ನಾನು. ಬಾಯಿ ಸತ್ತವಳು ಎಂದು ಮನೆಯಲ್ಲಿ ಹೆಸರು ಪಡೆದ ನಾನು, ಬೈಗುಳದಲ್ಲಿ ಎರಡು ಬಾರಿ ಕಚೇರಿಯ ಶಹಬ್ಬಾಸ್‌ಗಿರಿ ಪಡೆದಿದ್ದೆ.

*

"ಬಾ ಮಾರಾಯ್ತಿ, ನಿನ್ನ ಅಮ್ಮನ ಮನೆಗೆ ನೆಂಟ ಬಂದಿದ್ದಾನೆ," ಎಂದ ಸಾಂತಾನ್. ಕ್ಯಾಮೆರಾಗಳನ್ನು ನೋಡಿಕೊಳ್ಳುವವನು ಅವನು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಇಡೀ ದಿನ ಎಲ್ಲರನ್ನೂ ಗೇಲಿ ಮಾಡುತ್ತಾನೆ.

ಪರದೆಯ ಮೇಲೆ ನಮ್ಮ ಜಗಲಿ ಕಾಣುತ್ತಿತ್ತು. ಜಗಲಿಯ ಕೆಳಗೆ, ಮೆಟ್ಟಿಲಿನ ಪಕ್ಕದ ನೆಲದಲ್ಲಿ ಒಬ್ಬ ಮನುಷ್ಯ ಗೋಡೆಗೆ ಒರಗಿ ಕೂತಿದ್ದ. ಹರಿದ ಬನಿಯನ್, ಮೊಣಕಾಲಿಗೆ ಸುತ್ತಿದ ಬಲೆಯ ತುಂಡು. ನಿನ್ನೆ ಸಂಜೆ ತಗ್ಗಿನ ಕಡೆಯಿಂದ ತೆವಳಿಕೊಂಡು ಬಂದನಂತೆ. ಆಚೆಯ ಮನೆ ಅವನನ್ನು ಬೈದು ಓಡಿಸಿತ್ತು. ನಮ್ಮ ಮನೆ ಕರೆದು ಕೂರಿಸಿತ್ತು.

"ಆಚಿ ಮಂದಿ ಗೊಂಬಿ ಐತಿ ಅದು," ಎಂದರು ಕೌಜಲಗಿ ಸರ್, ಹಿಂದಿನಿಂದ. ಅವರು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. "ಹೋದ ತಿಂಗಳ ಕೂಸಿನ ದನಿ ಮಾಡಿ ಅಳಿಸಿದ್ರಲ್ಲ, ಮರ್ತೀಯೇನವಾ? ನಾವು ಬಾಗಿಲಾ ತಗೀಬೇಕು, ಒಳಗ ಯಾರೂ ಇಲ್ಲಂತ ಬಿಳಿ ಹಡಗದಾಗಿನವರು ನೋಡಬೇಕು. ಅದೇ ಆಟ ಇದು. ಈ ಸಲ ಮೈಗೆ ಗಾಯಾನೂ ಬಳದಾರ."

"ಹೆಸರು ಹೇಳ್ತಾನೆ ಸರ್," ಎಂದ ಸಾಂತಾನ್. "ಸೋಮಯ್ಯ ಹರಿಕಾಂತ ಅಂತೆ. ಬೈತಕೋಲದ ದೋಣಿ, ಮಗುಚಿದೆ ಅಂತೆ."

"ದೋಣಿ ಕಾಣಿಯಾಗಿದ್ದು ಪೇಪರದಾಗೇ ಬಂದೈತಿ. ಆಚಿ ಮಂದಿ ಪೇಪರ್ ಓದೂದಿಲ್ಲೇನು?" ಸರ್ ನನ್ನ ಕುರ್ಚಿಯ ಬೆನ್ನು ಹಿಡಿದರು. "ಶಾಲ್ಮಲಿ, ಬೈದು ಓಡಸು. ಕೈ ಮುರೀತೇನಿ, ಕಾಲು ಮುರೀತೇನಿ, ಏನ್ ಬರೀತಿ ಬರಿ. ತೀರ್ಪು ಈ ವಾರದಾಗ ಐತಿ. ಹಾಡಹಗಲ ನಮ್ಮ ಮನಿ ಮುಂದ ಕುಂತು ಅದು ಸೀನ್ ಮಾಡಬಾರದು."

ನಾನು ತಲೆಯಾಡಿಸಿದೆ. ಬರೆಯಲಿಲ್ಲ. ಅಷ್ಟರಲ್ಲಿ ಆ ಮನುಷ್ಯ ಕಾಲು ಸರಿಸಿದ್ದರಿಂದ ಯಂತ್ರ ಎಚ್ಚೆತ್ತು, ರಾತ್ರಿಯಿಂದ ಎಷ್ಟು ಬಾರಿ ಹೇಳಿತ್ತೋ ಅದನ್ನೇ ಮತ್ತೆ ಹೇಳಿತು. ಅವ್ವಿಯ ದನಿ. "ಬನ್ನಿ, ಕೂತ್ಕಳಿ. ಆಸರಿಗೆ ತರ್ತೆ."

ಅವನು ಬಾಗಿಲ ಕಡೆ ತಿರುಗಲೂ ಇಲ್ಲ. ತುಟಿ ಒಡೆದಿದ್ದರಿಂದ ಮಾತು ತೊದಲಿತು. "ಅವಸ್ರ ಇಲ್ಲ ಅಮ್ಮಾ," ಎಂದ. "ನಿಮ್ಮ ಕೆಲಸ ಮುಗಿಸ್ಕಂಡೇ ತನ್ನಿ."

ಸಾಂತಾನ್ ನಕ್ಕ. "ಭಾರೀ ಮರ್ಯಾದಸ್ಥ ಗೊಂಬೆ."

ನನಗೆ ನಗು ಬರಲಿಲ್ಲ. ಆಚೆಯವರು ಬರೆದ ಮಾತುಗಳನ್ನೆಲ್ಲ ಓದುವುದು ನನ್ನ ಕೆಲಸವೇ ಆಗಿತ್ತು. ಅವರ ಗೊಂಬೆಗಳು ಕೂಗುತ್ತವೆ, ಬೇಡುತ್ತವೆ, ಅಳುತ್ತವೆ, ಶಾಪ ಹಾಕುತ್ತವೆ. ಸಂಕೋಚಪಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಸಂಕೋಚ ಎಂದರೆ ಏನೆಂದು ನನಗೆ ಗೊತ್ತು, ಅದರೊಂದಿಗೇ ಹುಟ್ಟಿದವಳು. ಬಾಯಾರಿ ಸಾಯುತ್ತಿರುವವನು ನೀರು ಕೇಳಲು ನಾಚುತ್ತಾನೆಂದು ಯಾರಿಗೆ ತಾನೇ ಬರೆಯಲು ಹೊಳೆದೀತು?

"ಸರ್, ಅವನು..." ಎಂದೆ. ಅದು ನನ್ನ ದಿನದ ಮೊದಲ ಮಾತು.

"ಏನು?"

ಎಲ್ಲರೂ ನನ್ನ ಕಡೆ ತಿರುಗಿದರು. "ಏನಿಲ್ಲ ಸರ್."

*

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಕೋಡಿಬಾಗದಲ್ಲಿ ನಮ್ಮ ಬಾಡಿಗೆ ಮನೆ, ಅವ್ವಿ ಮತ್ತು ನಾನು ಇಬ್ಬರೇ. ಗೇಟಿನ ಹತ್ತಿರ ಗ್ಯಾಸ್ ಸಿಲಿಂಡರಿನವನು ಬಿಸಿಲಿನಲ್ಲಿ ನಿಂತು, ತುಟಿಗೆ ತಾಗಿಸದೆ ಚೊಂಬಿನಿಂದ ನೀರು ಹುಯ್ದುಕೊಳ್ಳುತ್ತಿದ್ದ. ಚೊಂಬು ಕಟ್ಟೆಯ ಮೇಲಿಟ್ಟು, ಕೈಮುಗಿದು ಹೋದ.

"ಒಳಗೆ ಫ್ಯಾನಿನ ಕೆಳಗೆ ಕೂತ್ಕ ಮಾರಾಯ ಅಂದೆ, ಬರ್ಲೇ ಇಲ್ಲ," ಎಂದಳು ಅವ್ವಿ, ಅನ್ನ ಬಡಿಸುತ್ತ. "ಹೆಂಗಸ್ರು ಮಾತ್ರ ಇದ್ದ ಮನೆ ಅಂತ ಅವ್ರಿಗೆಲ್ಲ ಒಂಥರಾ. ಹೊಸ್ತಿಲು ಬಿಡು, ಜಗಲಿ ಹತ್ತೂದಿಲ್ಲ. ಹಿತ್ತಿಲ ನಲ್ಲಿ ತಿರುಗಿಸ್ಕ ಅಂದ್ರೂ ಆಗೂದಿಲ್ಲ, ನೀವೇ ತಂದ್ ಕೊಡಿ ಅಂತಾನೆ."

ತುತ್ತು ಕೈಯಲ್ಲೇ ಉಳಿಯಿತು.

"ಎಂತಾಯ್ತೇ? ಮೀನು ಉಪ್ಪಾಯ್ತಾ?"

ನಾನು ತಲೆ ಅಲ್ಲಾಡಿಸಿದೆ.

"ಬಾಯಿ ಬಿಟ್ಟು ಹೇಳು. ತಲೆ ಅಲ್ಲಾಡ್ಸೂಕೆ ನೀನೇನು ಹರಕೆ ಕುರಿಯಾ? ಹೋದ ಕಡೆಯೆಲ್ಲ ಹೀಗೇ ಕೂತ್ರೆ, ಒಂದಿನ ಮನೆಗೆ ಬೆಂಕಿ ಬಿದ್ರೂ ಬೆಂಕಿ ಅನ್ನೂಕೆ ನಾನೇ ಬರ್ಬೇಕಾಗ್ತದೆ."

ಅದೇ ದನಿ. ಈ ಹೊತ್ತಿಗೆ ಅಲ್ಲಿಯೂ ಇದೇ ದನಿ ಹೇಳುತ್ತಿರಬೇಕು: ಗಂಡಸ್ರು ಸಮುದ್ರಕ್ಕೆ ಹೋಗಿದ್ರು. ಅದಕ್ಕೇ ಅವನು ಜಗಲಿ ಬಿಟ್ಟು ನೆಲದಲ್ಲಿ ಕೂತಿದ್ದಾನೆ. ಅದಕ್ಕೇ ಬಾಗಿಲು ತಟ್ಟುತ್ತಿಲ್ಲ, ಹಿತ್ತಿಲಿಗೂ ಹೋಗುತ್ತಿಲ್ಲ. ನೀರು ಅವನ ಬೆನ್ನಿನ ಗೋಡೆಯ ಆಚೆಗಿದೆ. ತರುತ್ತೇನೆ ಎಂದವಳು ತರುತ್ತಾಳೆ ಎಂದು ಅವನು ಕಾಯುತ್ತಿದ್ದಾನೆ. ಮನೆ ಮೌನವಾಗಿದ್ದಿದ್ದರೆ ಬಾಗಿಲು ಒಡೆದಾದರೂ ಬದುಕುತ್ತಿದ್ದ.

ಕೈ ತೊಳೆದು ಎದ್ದೆ.

"ಉಣ್ಣದೇ ಎಲ್ಲಿಗೆ?"

ಚಪ್ಪಲಿ ಮೆಟ್ಟಿ ಗೇಟು ದಾಟಿದೆ.

*

ನಿಯಂತ್ರಣ ಕೋಣೆಯಲ್ಲಿ ಕೌಜಲಗಿ ಸರ್ ಬೇರೆಯವರಿಂದ ಬೈಗುಳ ಬರೆಸಿದ್ದರು. ಅವ್ವಿಯ ದನಿ ಅಂಗಳಕ್ಕೆ ಕೂಗುತ್ತಿತ್ತು: "ಏಳೋ ಕಳ್ಳ, ಬೆನ್ನು ಸುಲೀತೆ." ಒಂದು ಉಸಿರು ಬಿಟ್ಟು, ಹಳೆಯ ಅಭ್ಯಾಸದಂತೆ: "ಬನ್ನಿ, ಕೂತ್ಕಳಿ. ಆಸರಿಗೆ ತರ್ತೆ." ಎರಡೂ ಒಂದೇ ದನಿ. ತಗ್ಗಿನಿಂದ ಆಚೆಯ ಮನೆ ಕೇಕೆ ಹಾಕುತ್ತಿತ್ತು. ಬಿಸಿಲಿಗೆ ಬಂಡೆ ಬಿಳಿಚಿತ್ತು. ಅವನು ಈಗ ಮಗ್ಗುಲಾಗಿ ಬಿದ್ದುಕೊಂಡಿದ್ದ, ಒಂದು ಕೈಯನ್ನು ಮಾತ್ರ ಮೆಟ್ಟಿಲಿನ ಮೇಲೆ ಊರಿ.

"ನಾನು ಕಳ್ಳ ಅಲ್ಲ ಅಮ್ಮಾ," ಎನ್ನುತ್ತಿದ್ದ. "ಏನನ್ನೂ ಮುಟ್ಲಿಲ್ಲ. ಬೇಕಾದ್ರೆ ನೋಡಿ."

ನಾನು ಕೂತು ಬೇಗ ಬೇಗ ಬರೆದೆ. ಬೈಗುಳ ನಿಂತು ಅವ್ವಿಯ ದನಿ ಮೆತ್ತಗೆ ಹೇಳಿತು: "ತಪ್ಪು ತಿಳ್ಕಳಬೇಡಿ. ಹಿತ್ತಿಲಲ್ಲಿ ಟ್ಯಾಂಕಿ ಇದೆ. ನೀವೇ ಹೋಗಿ ಕುಡೀರಿ." ಹೀಗಾದರೆ ಅವನೂ ಉಳಿಯುತ್ತಾನೆ, ಮನೆಯೂ ಉಳಿಯುತ್ತದೆ, ನಾನೂ ಯಾರೆದುರೂ ಬಾಯಿ ಬಿಡಬೇಕಿಲ್ಲ ಎಂದುಕೊಂಡಿದ್ದೆ.

ಅವನು ಎದ್ದ. ಗೋಡೆ ಹಿಡಿದು ಮೂಲೆಯವರೆಗೆ ಹೋದ. ಇನ್ನೊಂದು ಕ್ಯಾಮೆರಾದಲ್ಲಿ ಹಲಗೆಯ ಗೂಡು, ಅದರ ಬೀಗ, ಅದರ ಮುಂದೆ ಅವನು. ಬೀಗವನ್ನು ಕೈಯಲ್ಲಿ ಹಿಡಿದು ನೋಡಿದ. ಪಕ್ಕದಲ್ಲೇ ಕಲ್ಲುಗಳು ಬಿದ್ದಿದ್ದವು. ಒಣಹಾಕಿದ ಸೀರೆಗಳ ಕಡೆ ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ಬಂದ ದಾರಿಯಲ್ಲೇ ವಾಪಸು ಹೊರಟ.

"ಬೀಗ ಇದೆ ಅಮ್ಮಾ," ಎಂದ ಮೆಟ್ಟಿಲ ಬಳಿ ಕುಸಿಯುತ್ತ. "ಗಂಡಸ್ರಿಲ್ಲದ ಮನೆ ಬೀಗ ನಾನು ಒಡೀಬಾರ್ದು. ಅವ್ರು ಬರ್ಲಿ. ಬರೂ ತನಕ ಕೂತ್ಕತೆ."

ಸಾಂತಾನ್ ನಗುವುದನ್ನು ನಿಲ್ಲಿಸಿದ್ದ. "ಸರ್," ಎಂದ ಮೆಲ್ಲಗೆ, "ಗೊಂಬೆಯ ಮೈಬಿಸಿ ಒಂದೇ ಸಮ ಇರ್ತದೆ. ಇವನದು ಬೆಳಿಗ್ಗೆಯಿಂದ ಏರ್ತಾ ಇದೆ."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಗೊತ್ತು ಎಂದು ನನಗೆ ಆಗಲೇ ಗೊತ್ತಾದದ್ದು. ಬೆಳಿಗ್ಗೆಯಿಂದಲೂ ಗೊತ್ತಿತ್ತೋ ಏನೋ.

"ಕೇಳವಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಮೊದಲ ಸಲ ಆ ಗುಡ್ಡಕ್ಕ ಮಂದೀನ್ನ ಕಳಿಸಿದವ ನಾನು. ಅವರ ಹೆಣಾನೂ ಸಿಗಲಿಲ್ಲ. ಇನ್ನ ಮ್ಯಾಲೆ ಅಲ್ಲಿ ಯಾರೂ ಸಾಯಬಾರದು ಅಂತಾನ ಈ ಗೊಂಬಿ ಮಾಡೇನಿ. ಈಗ ನಾವು ಮಂಡಳಿಯವರನ್ನ ಕರದ್ರ, ಅವರು ಬಂದು ಬಾಗಿಲಾ ತಗೀತಾರ. ಖಾಲಿ ಮನಿ. ಗುಡ್ಡ ಆಚಿ ಮಂದಿಗೆ ಹೋಗತೈತಿ. ನಾಳೆ ಅವರ ಬಂದೂಕದ ದೋಣಿ ಆ ಕಡಲಾಗ ನಿಂತ್ರ ಎಷ್ಟ್ ಸೋಮಯ್ಯಗೋಳು ಸಾಯ್ತಾರ, ಲೆಕ್ಕ ಹಾಕೀಯೇನು?"

ಅವರು ಹೇಳಿದ್ದು ನಿಜವೂ ಇರಬಹುದಿತ್ತು. ಆದರೆ ಆ ನಾಳಿನವರು ಯಾರೆಂದು ನನಗೆ ಕಾಣುತ್ತಿರಲಿಲ್ಲ. ಈತ ಕಾಣುತ್ತಿದ್ದ. ಅವನ ಕೈ ಮೆಟ್ಟಿಲಿನಿಂದ ಜಾರಿತು, ಮತ್ತೆ ಊರಿಕೊಂಡ. ಆ ಅಲುಗಾಟಕ್ಕೇ ಕಾಯುತ್ತಿದ್ದ ಹಾಗೆ ಯಂತ್ರ ಉಲಿಯಿತು.

"ಬನ್ನಿ, ಕೂತ್ಕಳಿ. ಆಸರಿಗೆ ತರ್ತೆ."

"ಹ್ಞೂಂ ಅಮ್ಮಾ," ಎಂದ ಅವನು.

ನನ್ನ ಮೇಜಿನ ಮೇಲೊಂದು ಮೈಕು ಇದೆ. ಜಗಳ ಜೋರಾದಾಗ ನೇರವಾಗಿ ಬೈಯಲು ಇಟ್ಟದ್ದು. ಅದರಲ್ಲಿ ಯಾರು ಮಾತಾಡಿದರೂ ಅಲ್ಲಿ ಅವ್ವಿಯ ದನಿಯಾಗಿಯೇ ಕೇಳುತ್ತದೆ. ಪಕ್ಕದಲ್ಲಿ ದನಿ ಬದಲಿಸುವ ಗುಂಡಿ, ಅದು ಯಾವಾಗಲೂ ಕೆಂಪಗೆ ಉರಿಯುತ್ತಿರುತ್ತದೆ. ನಾನು ಆ ಮೈಕನ್ನು ಮುಟ್ಟಿದ್ದೇ ಇಲ್ಲ. ಬರೆದುಕೊಡುತ್ತಿದ್ದೆ, ಬೇರೆಯವರು ಕೂಗುತ್ತಿದ್ದರು.

ಹತ್ತಿರಕ್ಕೆ ಎಳೆದುಕೊಂಡೆ.

"ಶಾಲ್ಮಲಿ," ಎಂದರು ಸರ್. "ಬಿಳಿ ಹಡಗು ಕೇಳಲಿಕ್ಕೆ ಹತ್ತೈತಿ. ಆಚಿ ಮನಿ ರೆಕಾರ್ಡ್ ಮಾಡಾಕತ್ತೈತಿ. ಅವ್ವನ ದನ್ಯಾಗ ಏನ್ ಸಮಾಧಾನ ಹೇಳ್ತೀ ಹೇಳು. ಅದಕ್ಕಿಂತ ಹೆಚ್ಚಿಗಿ ಒಂದಕ್ಷರ ಬ್ಯಾಡ. ಹೇಳಿದಿ ಅಂದ್ರ ನೌಕರಿ ಅಷ್ಟ ಹೋಗೂದಿಲ್ಲ, ನಿನ್ನ ಮ್ಯಾಲೆ ದೇಶದ್ರೋಹದ ಕೇಸ್ ಬೀಳತೈತಿ."

ಅವ್ವಿಯ ದನಿಯಲ್ಲಿ ಏನು ಹೇಳಿದರೂ ಅವನು ಕಾಯುತ್ತಾನೆ. ಮನೆಯಲ್ಲಿ ಯಾರೂ ಇಲ್ಲ ಎಂದು ಮನೆಯೊಡತಿಯೇ ಒಳಗಿನಿಂದ ಹೇಳಿದರೆ ಯಾರು ನಂಬುತ್ತಾರೆ? ಗುಂಡಿಯ ಮೇಲೆ ಬೆರಳಿಟ್ಟೆ. ಸರ್ ನನ್ನ ಕೈ ಹಿಡಿಯಲು ಬಾಗಿದರು. ನಮ್ಮಿಬ್ಬರ ನಡುವೆ ಸಾಂತಾನಿನ ಕುರ್ಚಿ ಇತ್ತು. ಅವನು ಕುರ್ಚಿ ಸರಿಸಲಿಲ್ಲ. ಪರದೆ ನೋಡುತ್ತಲೇ, ಏನೂ ಕೇಳಿಸದವನ ಹಾಗೆ, ಅಲ್ಲೇ ಗಟ್ಟಿಯಾಗಿ ಕೂತ.

ಗುಂಡಿ ಒತ್ತಿದೆ. ಕೆಂಪು ಆರಿತು.

"ಅಣ್ಣಾ," ಎಂದೆ.

ಒಡಕು ದನಿ. ಎಷ್ಟೋ ದಿನ ಬಳಸದ ಬಾಗಿಲಿನ ಹಾಗೆ ಕಿರುಗುಟ್ಟಿತು. ಮೊರಗುಡ್ಡೆಯ ಬಂಡೆಗಳಿಗೆ ಬಡಿದು ತಿರುಗಿ ನನ್ನ ಕಿವಿಗೇ ಬಂತು. ತಗ್ಗಿನ ಮನೆಯ ಕೇಕೆ ನಿಂತಿತು. ಈ ದನಿಗೆ ಏನು ಉತ್ತರ ಕೊಡಬೇಕೆಂದು ಅಲ್ಲಿ ಯಾರೂ ಬರೆದಿರಲಿಲ್ಲ. ಪರದೆಯ ಮೇಲೆ ಅವನು ತಲೆ ಎತ್ತಿದ. ಮೊದಲ ಬಾರಿಗೆ ಬಾಗಿಲಿನ ಕಡೆ ನೇರವಾಗಿ ನೋಡಿದ.

"ಅಣ್ಣಾ, ಆ ಅಮ್ಮ ನೀರು ತರೂದಿಲ್ಲ. ಕಲ್ಲು ತಗೊಂಡು ಬೀಗ ಒಡೀರಿ. ಕುಡೀರಿ. ಬಿಳಿ ಹಡಗಿನವ್ರೇ, ನಿಮಗೂ ಕೇಳ್ತಾ ಇದೆಯಲ್ಲ, ದೋಣಿ ಇಳಿಸಿ, ಬನ್ನಿ. ಈ ಮನೇಲಿ ಯಾರೂ ಇಲ್ಲ, ಆಚೆ ಮನೇಲೂ ಯಾರೂ ಇಲ್ಲ. ಯಾವತ್ತೂ ಇರ್ಲಿಲ್ಲ. ಅಣ್ಣಾ, ನಿಮ್ಮೊಬ್ಬರನ್ನ ಬಿಟ್ರೆ ಈ ಗುಡ್ಡೆ ಮೇಲೆ ಮನುಷ್ಯರು ಅಂತ ಯಾರೂ ಇಲ್ಲ."